ತಟ್ಟೆ ವೀರಪ್ಪನ ಗುರಾಣಿ

ಅರಕಲಗೂಡಿನ ನಮ್ಮ ಹೈಸ್ಕೂಲಿನಲ್ಲಿ ಇತಿಹಾಸದ ಪಾಠಕ್ಕೆ ಮೊರ ಹಿಡಿದುಕೊಂಡು ಬರುತ್ತಿದ್ದವರು ನಂಜೇಗೌಡ ಮೇಷ್ಟ್ರು ಒಬ್ಬರೇ. ಮೊರವನ್ನು ಗುರಾಣಿಯಂತೆ ಎಡಗೈಗೆ ಆನಿಸಿಕೊಂಡು, "ಒಗೀರ್ಲಾ ಸೀಮೆಸುಣ್ಣ" ಎನ್ನುತ್ತಿದ್ದರು. ನಾವು ಭಕ್ತಿಯಿಂದ ಒಗೆಯುತ್ತಿದ್ದೆವು. ಒಂದೂ ತಾಗುತ್ತಿರಲಿಲ್ಲ. ಕೋಣದ ತೊಗಲಿನ ಗುರಾಣಿ, ಬೆತ್ತದ್ದು, ಹಿತ್ತಾಳೆಯದು, ಎಲ್ಲದರ ಪಾಠವೂ ಆ ಮೊರದಲ್ಲೇ ಮುಗಿಯುತ್ತಿತ್ತು. ಬಂದೂಕಿನ ಪಾಠದ ದಿನ ಮಾತ್ರ ಮೊರವನ್ನು ಮನೆಯಲ್ಲೇ ಬಿಟ್ಟು, ಸಪ್ಪೆ ಮುಖ ಹಾಕಿಕೊಂಡು ಬಂದರು.

"ಕತ್ತಿ ಇಡ್ದೋನ ಎಸ್ರು ಉಳೀತದೆ, ಗುರಾಣಿ ಇಡ್ದೋನ ತಲೆ ಉಳೀತದೆ. ನಿಮ್ಗ್ಯಾವುದ್ರಲಾ ಬೇಕು?" ಎಂದು ಕೇಳಿದರು. ನಾವು ಹೆಸರು ಎಂದೆವು. ಪರೀಕ್ಷೆಯಲ್ಲಿ ಅದಕ್ಕೆ ತಕ್ಕ ಅಂಕ ಕೊಟ್ಟರು.

ಅವರ ಜನ್ಮದ ಜಗಳ ಹಳ್ಳಿಮೈಸೂರಿನ ಹತ್ತಿರದ ಸ್ವಂತ ಊರಿನವರೊಂದಿಗೆ. ಊರ ಮುಂದೆ ಒಂದು ವೀರಗಲ್ಲು. ಕಳ್ಳರಿಂದ ದನ ಬಿಡಿಸಲು ಹೋಗಿ ಸತ್ತವನೊಬ್ಬ ಅದರಲ್ಲಿ ದುಂಡು ಗುರಾಣಿ ಹಿಡಿದು ನಿಂತಿದ್ದಾನೆ. ಊರವರ ಕಣ್ಣಿಗೆ ಅದು ಊಟದ ತಟ್ಟೆ. ಪಾಪ, ಹಸಿದು ಸತ್ತವನೆಂದು ಅವನನ್ನು ತಟ್ಟೆ ವೀರಪ್ಪ ಮಾಡಿ, ಸೋಮವಾರ ಸೋಮವಾರ ಮುದ್ದೆ, ಅವರೆಕಾಳಿನ ಸಾರು ಎಡೆ ಇಡುತ್ತಾರೆ. ಮೇಷ್ಟ್ರು ಹೋದಾಗಲೆಲ್ಲ ಅದು ಗುರಾಣಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಪೂಜೆ ಮಾಡುವ ಪುಟ್ಟಮ್ಮಜ್ಜಿಯದು ಒಂದೇ ಉತ್ತರ: "ಇರ್ಲಿ ಬುಡು ಮಗ. ಗುರಾಣಿ ಇಡ್ದೋರ್ಗೆ ಒಟ್ಟೆ ಅಸಿಯಾಕಿಲ್ವಾ?"

ರಸ್ತೆ ಅಗಲ ಮಾಡಲು ಜೆಸಿಬಿ ಬಂದ ದಿನ ನಾನೂ ಅಲ್ಲಿದ್ದೆ. ಇಂಜಿನಿಯರು ನಿವೃತ್ತ ಮೇಷ್ಟ್ರನ್ನೇ ಕರೆಸಿದ.

"ನೀವು ಓದಿದವರು, ಹೇಳಿ. ದೇವರಾದ್ರೆ ರಸ್ತೆ ಆ ಕಡೆಗೆ ತಿರುಗಿಸ್ತೀವಿ. ಬರೀ ಹಳೇ ಕಲ್ಲಾದ್ರೆ ಎತ್ತಿ ಮೋರಿಗೆ ಹಾಕ್ತೀವಿ."

ಮೇಷ್ಟ್ರು ಕಲ್ಲನ್ನೇ ನೋಡುತ್ತಾ ನಿಂತರು.

"ದ್ಯಾವ್ರು ಸಾ," ಎಂದರು.

"ಕೈಯಲ್ಲಿರೋದು ಏನದು?"

"ತಟ್ಟೆ."

ಅವರು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ನನಗೆ ಅಳು ಬಂತು.

ಜೆಸಿಬಿ ಹಿಂದಕ್ಕೆ ಹೋಯಿತು. ಪುಟ್ಟಮ್ಮಜ್ಜಿ ಎಡೆಯ ಮುದ್ದೆಯನ್ನು ಮೇಷ್ಟ್ರ ಮುಂದಿಟ್ಟಳು. ಜಗಳವಾಡದೆ ಉಂಡರು. "ಸಾರಿಗೆ ಉಪ್ಪು ಕಮ್ಮಿ ಕಣವ್ವಾ," ಎಂದಷ್ಟೇ ಹೇಳಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಅವರು ಆ ವರ್ಷ ದಾಟಲಿಲ್ಲ.

ಈಗ ಅಲ್ಲಿ ರಸ್ತೆ ಡೊಂಕಾಗಿದೆ, ಬಸ್ಸೂ ನಿಲ್ಲುತ್ತದೆ. "ತಟ್ಟೆ ವೀರಪ್ಪ ಯಾರ್ರೀ ಇಳಿಯೋರು?" ಎಂದು ಕಂಡಕ್ಟರು ಕೂಗುತ್ತಾನೆ. ನಾನೂ ಹಾಗೆಂದೇ ಟಿಕೆಟ್ ಕೇಳುತ್ತೇನೆ. ಅದು ಗುರಾಣಿ ಎಂದು ಜಗಳಕ್ಕೆ ಬರುವವರು ಯಾರೂ ಇಲ್ಲ.