ಕುದುರೆಗಳಿಗೆ ಸಿಕ್ಕಿದ ದನದ ಹಟ್ಟಿ

ಕಬ್ಬಿಣದ ಬಾಲ್ದಿಯನ್ನು ನೆಲಕ್ಕೆ ಇಟ್ಟಾಗ ಅದರ ಹಿಡಿ ಬದಿಗೆ ಬಿದ್ದು ಟಣ್ ಅನ್ನುತ್ತದಲ್ಲ, ಆ ಸದ್ದು. ಕುಂಬಳೆಯಿಂದ ಸ್ವಲ್ಪ ಒಳಗೆ, ಪದವು ಅನ್ನುವ ಕಲ್ಲುಬಯಲಿನ ಮೇಲಿನ ಆ ಮನೆಯಲ್ಲಿ ಬೆಳಿಗ್ಗೆ ಅದು ಕೇಳಿದ ಕೂಡಲೆ ನನ್ನ ಎರಡೂ ಕುದುರೆಗಳು ಹಟ್ಟಿಯೊಳಗೆ ಕಾಲು ಕುಟ್ಟಲು ಸುರು ಮಾಡುತ್ತಿದ್ದವು. ಬಾಲ್ದಿಯಲ್ಲಿ ಇರುತ್ತಿದ್ದದ್ದು ಅಕ್ಕಚ್ಚು, ಅಂದರೆ ಅಕ್ಕಿ ತೊಳೆದ ನೀರು, ಅದಕ್ಕೆ ಒಂದು ಮುಷ್ಟಿ ತೌಡು. ದನಕ್ಕೆ ಕೊಡುವಂಥದ್ದು. ತಂದು ಇಡುತ್ತಿದ್ದವರು ಮನೆಯ ಯಜಮಾನಿ. ನನಗಿಂತಲೂ ದೊಡ್ಡವರು, ನಾನು ದೊಡ್ಡಕ್ಕ ಅಂತ ಕರೆಯುತ್ತಿದ್ದೆ. ಅವರು ನನ್ನನ್ನು ಟೀಚರ್ ಅನ್ನುತ್ತಿದ್ದರು. ನಾನು ಒಂದು ದಿನವೂ ಟೀಚರ್ ಆಗಿದ್ದವಳಲ್ಲ. ಆದರೆ ಕನ್ನಡಕ ಹಾಕಿ, ನಡುನಡುವೆ ಇಂಗ್ಲಿಷ್ ಮಾತಾಡುವ ಬಿಳಿ ಕೂದಲಿನ ಹೆಂಗಸು ನಮ್ಮ ಊರಿನಲ್ಲಿ ಬೇರೆ ಎಂತ ಆಗಿರಲು ಸಾಧ್ಯ?

ನನ್ನ ಕೆಲಸ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು. ಈಗಲೂ ವಾಟರ್ ಕಲರಿನಲ್ಲೇ. ಗಂಡ ಇದ್ದಾಗ ನಾವು ನೀಲಗಿರಿಯಲ್ಲಿ ಒಂದು ಬಾಡಿಗೆ ಕಾಟೇಜಿನಲ್ಲಿದ್ದೆವು. ಅಲ್ಲಿನ ರೈಡಿಂಗ್ ಸ್ಕೂಲೊಂದು ಮುಚ್ಚುವಾಗ ಯಾರಿಗೂ ಬೇಡವಾಗಿ ಉಳಿದ ಎರಡು ಕುದುರೆಗಳನ್ನು ಅವರು ಮನೆಗೆ ಹೊಡೆದುಕೊಂಡು ಬಂದರು. ಒಂದು ಕಂದು ಬಣ್ಣದ ಗಂಡು, ಒಂದು ಬೂದು ಹೆಣ್ಣು. ಆಮೇಲೆ ನಾನು ಚಿತ್ರ ಬರೆದ ಪುಸ್ತಕಗಳಲ್ಲೆಲ್ಲ ಎಲ್ಲಿಯಾದರೂ ಒಂದು ಕುದುರೆ ನುಸುಳುತ್ತಿತ್ತು, ಕತೆಯಲ್ಲಿ ಇಲ್ಲದಿದ್ದರೂ. ಗಂಡ ತೀರಿಹೋದ ಮೇಲೆ ಕಾಟೇಜು ಮಾರಾಟವಾಯಿತು. ಹೊಸ ಮಾಲಿಕರಿಗೆ ಅಲ್ಲಿ ರಿಸಾರ್ಟ್ ಕಟ್ಟಬೇಕಿತ್ತು. ಎಪ್ಪತ್ತು ದಾಟಿದವಳು ಎರಡು ಮುದಿ ಕುದುರೆಗಳಿಗೂ ಒಂದು ಡ್ರಾಯಿಂಗ್ ಟೇಬಲಿಗೂ ಜಾಗ ಹುಡುಕಲು ಹೊರಟೆ. ಹುಟ್ಟಿದ ಜಿಲ್ಲೆ ಬಿಟ್ಟರೆ ನನಗೆ ಮತ್ತೆಲ್ಲಿ ಯಾರ ಗುರ್ತವಿತ್ತು?

ಗಲ್ಫಿನಿಂದ ಬಂದು ಕೂತ ನನ್ನ ತಮ್ಮನ ಕಾರಿನಲ್ಲಿ ಮನೆ ನೋಡಲು ಹೋಗುತ್ತಿದ್ದೆವು. ಹೈವೇ ಅಗಲ ಮಾಡುವ ಗಲಾಟೆಯಲ್ಲಿ ಎಲ್ಲಿ ತಿರುಗಬೇಕು, ಎಲ್ಲಿ ಸರ್ವಿಸ್ ರೋಡು ಹಿಡಿಯಬೇಕು ಅಂತ ಗೊತ್ತಾಗದೆ ಅವನ ತಲೆ ಬಿಸಿಯಾಗುತ್ತಿತ್ತು. ಆ ಬಿಸಿಯೆಲ್ಲ ನನ್ನ ಮೇಲೆ.

"ಎರಡು ದನ ಉಂಟು ಅಂದರೆ ಯಾರೂ ಎಂತ ಹೇಳುವುದಿಲ್ಲ ಮಾರಾಯ್ತಿ. ಕುದುರೆ ಅಂದ ಕೂಡಲೆ ಎಲ್ಲರೂ ಕೇಳುವುದು ಒಂದೇ, ಸರ್ಕಸ್ಸಾ ಅಂತ."

"ನೀನು ಎಂತ ಹೇಳಿದೆ?"

"ಹೌದು, ನನ್ನ ಅಕ್ಕನೇ ಜೋಕರ್ ಅಂದೆ."

ನಾಯ್ಮಾರ್ಮೂಲೆಯ ಹತ್ತಿರ ಒಂದು ಮನೆ ಚಂದ ಇತ್ತು. ಮಾಲಿಕರು ದುಬೈಯಿಂದ ಫೋನಿನಲ್ಲಿ "ಪೆಟ್ಸ್ ಓಕೆ" ಅಂದಿದ್ದರಂತೆ. ಪೆಟ್ಸ್ ಎಷ್ಟು ದೊಡ್ಡದು ಅಂತ ತಮ್ಮ ಹೇಳಿರಲಿಲ್ಲ. ಇಂಟರ್‌ಲಾಕ್ ಹಾಸಿದ ಅಂಗಳದಲ್ಲಿ ನಿಂತು ನಾನೇ ವಿಡಿಯೋ ಕಾಲಿನಲ್ಲಿ ವಿವರಿಸಿದೆ. ಅವರು ಮರ್ಯಾದೆಯಿಂದಲೇ ನಕ್ಕರು. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು.

ಬಂದ್ಯೋಡಿನಿಂದ ಕಡಲಿನ ಬದಿಗೆ ಇನ್ನೊಂದು ಜಾಗ. ಮದುವೆಗಳಿಗೆ ಕುದುರೆ ಬಾಡಿಗೆಗೆ ಕೊಡುವವರೊಬ್ಬರು ತಮ್ಮ ಶೆಡ್ಡಿನಲ್ಲಿ ನನ್ನವಕ್ಕೂ ಜಾಗ ಕೊಡಲು ತಯಾರಿದ್ದರು. ಹೊಯಿಗೆ, ಅಂದರೆ ಮರಳಿನ ಮೆತ್ತಗಿನ ನೆಲ, ಕುದುರೆಗೆ ಕುದುರೆಯ ಸಂಗ, ಲಾಳ ನೋಡುವ ಜನ. ಪಕ್ಕದಲ್ಲೇ ನನಗೆ ಒಂದು ಮನೆಯೂ ಇತ್ತು. ಆದರೆ ಅದರ ಒಂದೇ ಕಿಟಕಿ ನೆರೆಮನೆಯ ಗೋಡೆಯನ್ನು ನೋಡುತ್ತಿತ್ತು. ಹಗಲಿಗೇ ಲೈಟು ಹಾಕಬೇಕು. ಇಲ್ಲಿ ಹೇಗೆ ಚಿತ್ರ ಬರೆಯಲಿ ಅಂತ ನಾನು ಬೇಡ ಅಂದೆ.

ಪದವಿನ ಮನೆಗೆ ಹೋದದ್ದು ಆಮೇಲೆ. ಉತ್ತರಕ್ಕೆ ಉದ್ದದ ಜಗಲಿ, ಅದರಾಚೆಗೆ ಮುರಕಲ್ಲಿನ ಬಯಲು, ಮುಳಿಹುಲ್ಲು, ಮತ್ತೆ ಆಕಾಶ. ದಿನವಿಡೀ ನೆರಳಾಡದ ಬೆಳಕು, ನಮ್ಮ ಕಸುಬಿನವರು ನಾರ್ತ್ ಲೈಟ್ ಅನ್ನುವುದು ಅದನ್ನೇ. ಅಲ್ಲಿ ನಿಂತ ಕೂಡಲೆ ನನ್ನ ಮನಸ್ಸು ಟೇಬಲನ್ನು ಇಟ್ಟಾಗಿತ್ತು. ದೊಡ್ಡಕ್ಕನ ಕೊನೆಯ ದನ ಹೋಗಿ ತುಂಬ ಕಾಲ ಆಗಿತ್ತು. ಹಟ್ಟಿ ಮಾತ್ರ ಗುಡಿಸಿ ಇಟ್ಟ ಹಾಗೇ ಇತ್ತು.

"ಹಟ್ಟಿಯಲ್ಲಿ ಉಸಿರು ಇಲ್ಲದಿದ್ದರೆ ನನಗೆ ಮನೆಯೊಳಗೆ ಕೂತುಕೊಳ್ಳಲಿಕ್ಕೆ ಆಗುವುದಿಲ್ಲ ಟೀಚರೇ," ಅಂದರು. "ತನ್ನಿ. ಕುದುರೆಯಾದರೆ ಎಂತ, ಅದೂ ನಾಲ್ಕು ಕಾಲಿನದ್ದೇ ಅಲ್ಲವಾ? ಅದು ತಿನ್ನುವುದು ಎಂತ?"

ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದರು, ಇನ್ನೊಬ್ಬರ ಮನೆಯಲ್ಲಿ ನೆವರ್ ಬಿ ಎ ನ್ಯೂಸೆನ್ಸ್ ಅಂತ. ಅದು ಬೇಕು, ಇದು ಆಗುವುದಿಲ್ಲ, ಇಷ್ಟೇ ಕೊಡಬೇಕು ಅಂತ ಪಟ್ಟಿ ಬಿಚ್ಚಿದರೆ ಈ ಬಾಗಿಲೂ ಮುಚ್ಚಿಬಿಟ್ಟೀತು ಅನ್ನಿಸಿತು. ನಾನು ಸಲೀಸಾಗಿ ಹೇಳಿದೆ:

"ದನದ ಹಾಗೇ ದೊಡ್ಡಕ್ಕ. ಹುಲ್ಲು."

ತಮ್ಮ ಕಾರಿನಲ್ಲಿ ಕೇಳಿದ, "ದನದ ಹಾಗೆಯಾ?"

"ಈಗ ಸುಮ್ಮನಿರು ಮಾರಾಯ. ಆಮೇಲೆ ಹೇಳಿದರಾಯಿತು," ಅಂದೆ.

ಆಮೇಲೆ ಹೇಳಲು ಸಂದರ್ಭವೇ ಬರಲಿಲ್ಲ. ಎಲ್ಲ ಅಷ್ಟು ಚೆನ್ನಾಗಿ ನಡೆಯುತ್ತಿತ್ತು. ಅಕ್ಕಚ್ಚಿನಿಂದ ತೊಂದರೆಯೇನೂ ಕಾಣಲಿಲ್ಲ. ಬೂದು ಹೆಣ್ಣಂತೂ ದೊಡ್ಡಕ್ಕನ ಸೆರಗಿನ ತುದಿಯನ್ನು ಬಾಯಲ್ಲಿ ಹಿಡಿದು ಎಳೆಯುವಷ್ಟು ಸಲಿಗೆ ಬೆಳೆಸಿಕೊಂಡಿತ್ತು. "ನಿನ್ನ ಟೀಚರ್ ನಿನಗೆ ಮರ್ಯಾದೆ ಕಲಿಸಲಿಲ್ಲವಾ?" ಅಂತ ಅವರು ಅದನ್ನು ಬೈಯುವುದು ಜಗಲಿಯ ತನಕ ಕೇಳುತ್ತಿತ್ತು. ನಾನು ಅಲ್ಲಿ ಕೂತು, ಜೀವಮಾನದಲ್ಲೇ ಒಳ್ಳೆಯದೆನ್ನುವ ಚಿತ್ರಗಳನ್ನು ಬರೆಯುತ್ತಿದ್ದೆ.

ದೀಪಾವಳಿ ಬಂತು. ಗೋಪೂಜೆಯ ದಿನ ಒಂದು ಪುಸ್ತಕದ ಚಿತ್ರಗಳನ್ನು ಸ್ಕ್ಯಾನ್ ಮಾಡಿಸಲು ನಾನು ಮಂಗಳೂರಿಗೆ ಹೋಗಿದ್ದೆ. ಸಂಜೆ ಬಂದಾಗ ಹಟ್ಟಿಯ ಬಾಗಿಲಿಗೆ ಮಾವಿನ ತೋರಣ. ಕುದುರೆಗಳ ಕುತ್ತಿಗೆಯಲ್ಲಿ ಗೊಂಡೆ ಹೂವಿನ ಮಾಲೆ. ಮೈಮೇಲೆಲ್ಲ ಅಕ್ಕಿಹಿಟ್ಟಿನಲ್ಲಿ ಅದ್ದಿದ ಲೋಟದಿಂದ ಒತ್ತಿದ ಉರುಟು ಉರುಟು ಮುದ್ರೆಗಳು, ದನಗಳಿಗೆ ಒತ್ತುವ ಹಾಗೆಯೇ. ನನಗೆ ಎಷ್ಟು ಖುಷಿಯಾಯಿತೆಂದರೆ ಫೋನು ತೆಗೆದು ಫೋಟೋ ಹಿಡಿದೆ. ಬೂದು ಹೆಣ್ಣು ತನ್ನ ಹೊಟ್ಟೆಯ ಕಡೆಗೆ ತಿರುಗಿ ನೋಡುತ್ತಿದ್ದದ್ದು ಫೋಟೋದಲ್ಲೇ ನನ್ನ ಕಣ್ಣಿಗೆ ಬಿತ್ತು. ಕುದುರೆಗೆ ಹೊಟ್ಟೆನೋವಿನ ಗುರುತು ಅದು.

"ದೊಡ್ಡಕ್ಕ, ಎಂತ ಕೊಟ್ಟಿದ್ದೀರಿ?"

"ಎಲ್ಲ ಕೊಟ್ಟಿದ್ದೇನೆ! ಉಪ್ಪು ಹಾಕದ ದೋಸೆ, ಅರಸಿನ ಎಲೆಯಲ್ಲಿ ಬೇಯಿಸಿದ ಗಟ್ಟಿ, ಒಂದು ಪಾತ್ರೆ ಕುಚ್ಚಲಕ್ಕಿ ಅನ್ನ. ಕಂದು ಬಣ್ಣದವನಿಗೆ ಸೊಕ್ಕು, ಮೂಸಿ ಬಿಟ್ಟ. ಅವನ ಪಾಲನ್ನೂ ಇವಳೇ ತಿಂದಳು ಪಾಪ. ಎಷ್ಟು ವರ್ಷ ಆಗಿತ್ತು ಈ ಹಟ್ಟಿಯಲ್ಲಿ ಹಬ್ಬ ಆಗದೆ!"

ದನಕ್ಕೆ ಮೆಲುಕು ಹಾಕುವ ಹೊಟ್ಟೆ ಉಂಟು. ಕುದುರೆಗೆ ಅದಿಲ್ಲ, ತಿಂದದ್ದನ್ನು ಕಕ್ಕಲಿಕ್ಕೂ ಬರುವುದಿಲ್ಲ. ಅಷ್ಟು ಅನ್ನ ಒಳಗೆ ಉಬ್ಬಿದರೆ ಅದರ ಗತಿ ಮುಗಿಯಿತು. ಇದೆಲ್ಲ ನನಗೆ ಗೊತ್ತಿತ್ತು. ಹೇಳಬೇಕಾದವಳು ನಾನೇ ಆಗಿದ್ದೆ.

ತಮ್ಮ ಹೋಗಿ ಮೃಗಾಸ್ಪತ್ರೆಯ ಡಾಕ್ಟರನ್ನು ಕರೆದುಕೊಂಡು ಬಂದ. ಕುದುರೆಯ ಕೇಸು ನೋಡಿ ಅಭ್ಯಾಸ ಇಲ್ಲ ಅಂತ ಅವರು ಮೊದಲೇ ಹೇಳಿದರು. ಆದರೂ ಇಂಜೆಕ್ಷನ್ ಕೊಟ್ಟರು, ಫೋನಿನಲ್ಲಿ ಯಾರನ್ನೋ ಕೇಳಿ ಕೇಳಿ ಮಾಡುವುದನ್ನೆಲ್ಲ ಮಾಡಿದರು. ಮರುದಿನ ಬೆಳಿಗ್ಗೆ ಬಿಸಿಲು ಹಟ್ಟಿಗೆ ಬರುವಷ್ಟರಲ್ಲಿ ಅದು ಸತ್ತುಹೋಗಿತ್ತು. ಬೆವರಿಗೆ ಮುದ್ರೆಗಳು ಕರಗಿ ಮೈ ಇಡೀ ಬಿಳಿ ಗೆರೆ.

ಪದವಿನಲ್ಲಿ ಮಣ್ಣೆಂದರೆ ಮೇಲೆ ಒಂದು ಗೇಣು, ಕೆಳಗೆಲ್ಲ ಕಲ್ಲು. ಹೂಳುವುದೆಲ್ಲಿ? ತಮ್ಮ ಹೈವೇ ಕೆಲಸದವರ ಹತ್ತಿರ ಕಾಡಿ ಬೇಡಿ ಒಂದು ಜೆಸಿಬಿ ತಂದ. ದೊಡ್ಡಕ್ಕನ ಜಾಗದ ಮೂಲೆಯಲ್ಲಿ ಕಲ್ಲು ಕಡಿದು ಬಿಟ್ಟ ಹಳೆಯ ಹೊಂಡದಲ್ಲಿ ಇಳಿಸಿ, ಮಣ್ಣು ತುಂಬಿಸಿದರು.

ಜೆಸಿಬಿ ಹೋದ ಮೇಲೆ ದೊಡ್ಡಕ್ಕ ಅಂಗಳಕ್ಕೆ ಬಂದರು. ಆ ಪ್ರಾಯದವರು ನನ್ನ ಎದುರು ಎರಡೂ ಕೈ ಮುಗಿದು ನಿಂತರು.

"ನಾನು ಕೊಂದೆ ಟೀಚರೇ. ಹಬ್ಬದ ದಿನ, ನನ್ನ ಕೈಯಾರೆ. ನನಗೆ ಗೊತ್ತಾಗಲಿಲ್ಲ."

ನೀವು ಕೇಳಿದ್ದಿರಿ ದೊಡ್ಡಕ್ಕ, ದನದ ಹಾಗೆ ಅಂದವಳು ನಾನು. ಇಷ್ಟೇ ಹೇಳಬೇಕಿತ್ತು. ತುಳುವಿನಲ್ಲಾದರೂ, ಕನ್ನಡದಲ್ಲಾದರೂ. ಆದರೆ ಪಕ್ಕದಲ್ಲಿ ವಿಷಯ ತಿಳಿದು ಪುನಃ ಬಂದ ಡಾಕ್ಟರಿದ್ದರು, ತಮ್ಮನಿದ್ದ, ನೋಡಲು ಬಂದ ನೆರೆಯವರಿದ್ದರು. ನಾನು ದೊಡ್ಡಕ್ಕನ ಕೈಗಳನ್ನು ಹಿಡಿದು ಕೆಳಗಿಳಿಸಿ ಹೇಳಿದೆ, "ಪರವಾಗಿಲ್ಲ ದೊಡ್ಡಕ್ಕ. ಇಟ್ಸ್ ಆಲ್ ರೈಟ್."

ಕ್ಷಮೆ ಕೇಳಬೇಕಾದವಳು ಕ್ಷಮೆ ಕೊಟ್ಟೆ! ಎಂಥ ದೊಡ್ಡ ಮನಸ್ಸು ಟೀಚರದ್ದು ಅಂತ ನೆರೆಯವರೊಬ್ಬರು ಹೇಳಿದ್ದೂ ಕೇಳಿಸಿತು. ತಮ್ಮ ನನ್ನ ಮುಖ ನೋಡಿದ. ಅವನು ಜೋಕು ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಅಂದಿನಿಂದ ದೊಡ್ಡಕ್ಕ ಹಟ್ಟಿಯ ಕಡೆಗೆ ಬರಲೇ ಇಲ್ಲ. ನಾನು ಕಾಫಿಗೆ ಕರೆದರೆ ಸೊಂಟನೋವು ಅನ್ನುತ್ತಿದ್ದರು. ಹಟ್ಟಿಯಲ್ಲಿ ಗಂಡು ಒಂಟಿಯಾಗಿ ಕೆನೆಯುತ್ತಿತ್ತು. ಕುದುರೆ ಒಂಟಿಯಾಗಿ ಬಾಳುವ ಪ್ರಾಣಿಯಲ್ಲ, ಅದು ಮೇವು ಬಿಟ್ಟಿತು. ಕೊನೆಗೆ ನಾನು ಬಂದ್ಯೋಡಿನವರಿಗೆ ಫೋನು ಮಾಡಿದೆ. ಆ ಕತ್ತಲೆಯ ಮನೆ ಇನ್ನೂ ಖಾಲಿ ಇತ್ತು. ನಾನು ಹೊರಡುವಾಗ ದೊಡ್ಡಕ್ಕ ಬಾಗಿಲ ತನಕ ಬಂದು, "ನನ್ನಿಂದಾಗಿ ಹೋಗುತ್ತೀರಿ," ಅಂದರು. ಅಲ್ಲ, ಅಲ್ಲ ಅಂದೆ. ಯಾಕೆ ಅಲ್ಲ ಅಂತ ಮಾತ್ರ ಅವತ್ತೂ ಹೇಳಲಿಲ್ಲ. ಫರ್ನಿಚರ್ ಹೊತ್ತ ಪಿಕಪ್ಪಿನವ ಹಾರ್ನ್ ಹೊಡೆಯುತ್ತಿದ್ದ, ನನಗೆ ಅದೇ ನೆವ ಸಾಕಾಯಿತು.

ಈಗ ಗಂಡು ಹೊಯಿಗೆಯಲ್ಲಿ ಹೊರಳುತ್ತದೆ, ಮದುವೆಯ ಕುದುರೆಗಳ ಹೆಗಲಿಗೆ ಹೆಗಲು ತಾಗಿಸಿ ನಿದ್ದೆ ಮಾಡುತ್ತದೆ. ನಾನು ಹಗಲಿಗೆ ಲೈಟು ಹಾಕಿ ಚಿತ್ರ ಬರೆಯುತ್ತೇನೆ. ಬಣ್ಣ ಹಳದಿ ಕಡೆಗೆ ವಾಲುತ್ತದೆ ಅಂತ ಪಬ್ಲಿಷರ್ ದೂರುತ್ತಾರೆ.

ಒಂದು ದಿನ ಮನೆಗೆ ಮರಳಲು ಕುಂಬಳೆಯಲ್ಲಿ ಮಂಗಳೂರಿನ ಬಸ್ಸಿಗೆ ಕಾಯುತ್ತಿದ್ದೆ. ಒಳಗಿನ ಕಡೆಗೆ ಹೋಗುವ ಬಸ್ಸು ಎದುರು ನಿಂತಿತ್ತು. ಕಿಟಕಿಯ ಬದಿಯಲ್ಲಿ ದೊಡ್ಡಕ್ಕ. ಬಡಕಲಾಗಿದ್ದರು, ಮಡಿಲಲ್ಲಿ ಮದ್ದಿನ ಪ್ಲಾಸ್ಟಿಕ್ ತೊಟ್ಟೆ. ಇವತ್ತು ಹೇಳಿಯೇಬಿಡುತ್ತೇನೆ ಅಂತ ನಾನು ರಸ್ತೆ ದಾಟಿದೆ. ಕಿಟಕಿಯಿಂದ ಎರಡು ಮಾರು ದೂರ ಇದ್ದೆ, ಕೈ ಎತ್ತಿದ್ದೆ. ಅವರು ನನ್ನನ್ನು ಕಂಡರು. ಕಂಡದ್ದು ನನಗೆ ಗೊತ್ತು. ಸೆರಗನ್ನು ತಲೆಗೆ ಎಳೆದುಕೊಂಡು, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಮುಖವನ್ನು ಆ ಕಡೆಗೆ ತಿರುಗಿಸಿದರು. ಎತ್ತಿದ ಕೈಯನ್ನು ಎಂತ ಮಾಡುವುದು ಅಂತ ಗೊತ್ತಾಗದೆ ನಾನು ಕನ್ನಡಕ ಸರಿಮಾಡಿಕೊಂಡೆ. ಬಸ್ಸು ಹೊರಟಿತು.