ಗಾಳಿಯಿಲ್ಲದ ನೆಲದ ನಾಯಕಿ

ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ವಿಜ್ಞಾನ ಕಥೆಗಳ ಅಭಿಮಾನಿಗಳು ಕುರ್ಚಿ ಎಳೆದಾಡಿಕೊಂಡು ಕೂರುತ್ತಿದ್ದಾಗ, ನಾಟಕಕಾರನ ಕಣ್ಣು ಕಿಟಕಿಯ ಪಕ್ಕದ ಕೊನೆಯ ಕುರ್ಚಿಯ ಮೇಲೇ ನೆಟ್ಟಿತ್ತು. ಅಲ್ಲಿ ಅವನ ತಂಗಿ ಇದ್ದಳು. ಕತ್ತಿಗೆ ಹತ್ತಿಯ ಸ್ಕಾರ್ಫ್, ಮಡಿಲಲ್ಲಿ ಕೈಚೀಲ. ಯಾವ ಗಳಿಗೆಯಲ್ಲಾದರೂ ಎದ್ದು ಹೋಗುವವಳಂತೆ ಅಂಚಿನಲ್ಲಿ ಕೂತಿದ್ದಳು. ಬರುವುದಿಲ್ಲವೆಂದು ಹಟ ಹಿಡಿದವಳನ್ನು ಅವನು ಒಂದು ಮಾತು ಕೊಟ್ಟು ಕರೆತಂದಿದ್ದ. ಆ ಮಾತನ್ನು ಮುರಿಯಲೆಂದೇ ಕರೆತಂದಿದ್ದ.

"ನನ್ನ ವಿಷಯ ಎತ್ತಲ್ಲ ತಾನೆ?" ಎಂದು ಬೆಳಿಗ್ಗೆ ಅವಳು ಕೇಳಿದ್ದಳು. ಗಂಟಲಿನ ಆಪರೇಷನ್ ಆದ ಮೇಲೆ ಅವಳ ದನಿ ಮರಕ್ಕೆ ಉಪ್ಪುಕಾಗದ ಉಜ್ಜಿದಂತೆ ಕರಕರ ಎನ್ನುತ್ತಿತ್ತು; ಎದುರಿಗೆ ಕೂತವರಿಗಷ್ಟೇ ಕೇಳುತ್ತಿತ್ತು.

"ಎತ್ತಲ್ಲ ಕಣೇ ಪುಟ್ಟಿ. ಸುಮ್ನೆ ಬಂದು ಕೂತ್ಕೋ, ಸಾಕು."

"ನಿನ್ನ 'ಸುಮ್ನೆ' ನಂಗೊತ್ತು ಅಣ್ಣ."

ನಾಟಕಕಾರನಿಗೆ ನಾಟಕ ಹೊಟ್ಟೆಪಾಡಲ್ಲ. ನೀರು ಸರಬರಾಜು ಕಚೇರಿಯ ದೂರಿನ ಕಿಟಕಿಯ ಹಿಂದೆ ಅವನ ಕುರ್ಚಿ. ಹಗಲೆಲ್ಲ ನಲ್ಲಿಯಲ್ಲಿ ನೀರು ಬಾರದವರ ಬೈಗುಳ ಕೇಳುವುದು, ಸಂಜೆ ಅವೇ ಬೈಗುಳಗಳನ್ನು ಬೇರೆ ಗ್ರಹದವರ ಬಾಯಿಗೆ ಹಾಕುವುದು. ತಂಗಿಯದು ಮನೆಯ ಮುಂಗೋಣೆಯಲ್ಲೇ ಹೊಲಿಗೆ. ಅವಳು ಮಿಷನ್ ತುಳಿಯುತ್ತಿರುವಾಗ ಅವನು ಬಾಗಿಲ ಚೌಕಟ್ಟಿಗೆ ಒರಗಿ ಹೊಸ ಸಂಭಾಷಣೆಯ ಒಂದು ಸಾಲು ಹೇಳುವನು. ಅವಳು ಬಟ್ಟೆಯಿಂದ ತಲೆ ಎತ್ತದೆ ಅದನ್ನು ತನ್ನ ದನಿಯಲ್ಲಿ ಹಿಂದಿರುಗಿಸುವಳು. ಸಾಲು ಹುಸಿಯಾಗಿದ್ದರೆ ಮಿಷನ್ ಓಡುತ್ತಲೇ ಇರುತ್ತಿತ್ತು. ಮನಸ್ಸಿಗೆ ನಾಟಿದರೆ ಅವಳ ಪಾದ ತಾನಾಗಿ ನಿಲ್ಲುತ್ತಿತ್ತು. ಅವನ ಎಲ್ಲ ನಾಟಕಗಳೂ ಆ ಮಿಷನ್ ನಿಂತ ಗಳಿಗೆಗಳಿಂದ ಹುಟ್ಟಿದವು. ಅವುಗಳ ನಾಯಕಿಯರೆಲ್ಲ ಅವಳೇ.

ಆಪರೇಷನ್ನಿನ ನಂತರ ಮಿಷನ್ ಒಮ್ಮೆಯೂ ನಿಂತಿರಲಿಲ್ಲ. ಅವನು ಸಾಲು ಹೇಳಿದರೆ ಅವಳು ಹಿಂದಿರುಗಿಸುತ್ತಿರಲಿಲ್ಲ. ಬೇರೆ ನಟಿಯರನ್ನು ನೆನೆದು ಬರೆಯಲು ಹೋದ; ಬರೆದದ್ದೆಲ್ಲ ಕಚೇರಿಯ ಅರ್ಜಿಯಂತೆ ಓದಿಸಿಕೊಂಡಿತು. ಅವಳು ರಂಗಕ್ಕೆ ಮರಳದಿದ್ದರೆ ತನ್ನ ಕೈಯಿಂದ ಇನ್ನೊಂದು ನಾಟಕ ಹುಟ್ಟುವುದಿಲ್ಲವೆಂಬುದು ಅವನಿಗೆ ಖಚಿತವಾಗಿ ಹೋಗಿತ್ತು.

ಅವನ ಪಾಲಿಗೆ ಉಳಿದಿದ್ದ ಆಸೆ ಒಂದೇ. ಅವರ ನಾಟಕ ತಂಡದಲ್ಲೊಂದು ರೂಢಿ ಇತ್ತು: ನಾಟಕದ ಕಟ್ಟಕಡೆಯ ಪ್ರಯೋಗ ಮುಗಿದಾಗ ನಾಯಕಿ ಬಾಗಿ, ಅಂಗೈಯನ್ನು ರಂಗದ ಹಲಗೆಗೆ ಊರುವಳು, ಆ ಕೈ ಮೇಲೆದ್ದ ಮೇಲೆಯೇ ಬೆಳಕಿನವನು ದೀಪ ಆರಿಸುವನು. ಹಾಗೆ ನೆಲ ಮುಟ್ಟಿದ ನಾಟಕವನ್ನು ಯಾರೂ ಮತ್ತೆ ಎತ್ತುತ್ತಿರಲಿಲ್ಲ. ಆಸ್ಪತ್ರೆಗೆ ಸೇರುವ ಮುನ್ನ ಆಡಿದ ಕೊನೆಯ ನಾಟಕದಲ್ಲಿ ತಂಗಿ ಕೈಮುಗಿದಳು, ಅಷ್ಟೆ. ನೆಲ ಮುಟ್ಟಲಿಲ್ಲ. ಅವಳ ಆಟ ಇನ್ನೂ ಮುಗಿದಿಲ್ಲವೆಂದು ಅಣ್ಣ ಅದನ್ನೇ ಎದೆಗೆ ಅವುಚಿಕೊಂಡು ಬದುಕಿದ್ದ.

ಬೆಳಕಿನವನನ್ನು ಎಲ್ಲರೂ ಕರೆಯುವುದು ಫ್ಯೂಸಣ್ಣ ಎಂದು. ಅಂದು ಮೈಕಿನ ತಂತಿ ಜೋಡಿಸಲು ಬಂದಿದ್ದವನು ನಾಟಕಕಾರನ ಕಿವಿಯ ಬಳಿ ಬಾಗಿದ. "ಗುರುವೇ, ಪುಟ್ಟಕ್ಕನ್ನ ಯಾಕೆ ಕರ್ಕೊಂಡು ಬಂದ್ರಿ? ನಿಮ್ಮ ಮುಖ ನೋಡಿದ್ರೆ ಏನೋ ಕಿತಾಪತಿ ಇದೆ."

"ಸುಮ್ನೆ ವೈರ್ ನೋಡ್ಕೋ ಮಾರಾಯ."

"ವೈರ್ ಸರಿಯಾಗಿದೆ. ನೀವೇ ಲೂಸಾಗಿರೋದು."

ಅಭಿಮಾನಿಗಳ ಕೂಟದ ಸಂಚಾಲಕರು ದಂತವೈದ್ಯರು. ಎದ್ದು ನಿಂತು, "ಬಾಯಿ ತೆಗೀರಿ ಅನ್ನೋದು ನನ್ನ ಅಭ್ಯಾಸ. ಇವತ್ತು ದಯವಿಟ್ಟು ಮುಚ್ಕೊಂಡಿರಿ. ಮುಂದೆ ಬರೋ ನಾಟಕಗಳ ಬಗ್ಗೆ ಸಾರ್ ಹೇಳ್ತಾರೆ" ಎಂದರು. ಎಲ್ಲರೂ ನಕ್ಕರು.

ನಾಟಕಕಾರ ಮೊದಲು ಎರಡು ನಾಟಕಗಳನ್ನು ಸಾರಿದ. ಕಳೆದುಹೋದ ಮಧ್ಯಾಹ್ನಗಳನ್ನು ರಿಪೇರಿ ಮಾಡಿಕೊಡುವ ಗಡಿಯಾರದಂಗಡಿಯದೊಂದು. ಇನ್ನೂ ಕಟ್ಟದ ಮಹಡಿಗಳಿಗೆ ಜನರನ್ನು ಒಯ್ಯುವ ಹಳೆಯ ಲಿಫ್ಟಿನದಿನ್ನೊಂದು. ಎರಡರಲ್ಲೂ ಒಂದಕ್ಷರ ಬರೆದಿರಲಿಲ್ಲ. ಬರೆಯುವುದೂ ಇಲ್ಲವೆಂದು ಅವನಿಗೆ ಗೊತ್ತಿತ್ತು. ಮೂರನೆಯದಕ್ಕೆ ಧೈರ್ಯ ಕೂಡಿಬರಲೆಂದು ಅವನ್ನು ಹೇಳಿದ್ದ, ಅಷ್ಟೆ.

ಮುಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದ ಈತನಿಗೆ ಕೂಟದವರು ಇಟ್ಟ ಹೆಸರು ತಕರಾರು. "ಸಾರ್, ಕಟ್ಟದೇ ಇರೋ ಮಹಡಿಗೆ ಲಿಫ್ಟಿನ ಹಗ್ಗ ಎಲ್ಲಿಂದ ಬಂತು?"

"ಅದನ್ನ ನೋಡೋಕೇ ನೀವು ಟಿಕೆಟ್ ತಗೋಬೇಕು" ಎಂದು ನಾಟಕಕಾರ ಜಾರಿಕೊಂಡ. ಚಪ್ಪಾಳೆ ಬಿತ್ತು.

"ಮೂರನೇದು," ಎಂದ, "ಗಾಳಿಯೇ ಇಲ್ಲದ ಒಂದು ಗ್ರಹ. ನಾಯಕಿ ಮೊದಲಿಂದ ಕೊನೇವರೆಗೂ ಒಂದು ಮಾತೂ ಆಡಲ್ಲ."

ಕೊನೆಯ ಸಾಲಿನಲ್ಲಿ ಸ್ಕಾರ್ಫ್ ಅಲುಗಿತು.

ತಕರಾರು ಕೂತಲ್ಲೇ ನಿಗುರಿದ. "ಗಾಳಿ ಇಲ್ಲಾಂದ್ರೆ ಶಬ್ದ ಸಾಗಲ್ಲ, ಸರಿ. ಆದ್ರೆ ಮಿಕ್ಕ ಪಾತ್ರಗಳು ಮಾತಾಡ್ತವಾ?"

"ಮಾತಾಡ್ತವೆ. ಅವರ ಹೆಲ್ಮೆಟ್ಟಲ್ಲಿ ರೇಡಿಯೋ ಇದೆ."

"ಮತ್ತೆ ಇವಳಿಗೇನು ಧಾಡಿ?"

ಹಿಂದುಮುಂದು ನೋಡದೆ ಉತ್ತರ ಬಾಯಿಂದ ಹಾರಿತು. "ಇವಳ ರೇಡಿಯೋ ಕೆಟ್ಟಿದೆ."

"ರಿಪೇರಿ ಮಾಡಿಸಬಹುದಲ್ಲ?"

"ಆಗಲ್ಲ. ಎಲ್ಲಾ ಕಡೆ ತೋರಿಸಿ ಆಯ್ತು."

ಕೋಣೆ ಗೊಳ್ಳೆಂದಿತು. ನಾಟಕಕಾರ ನಾಲಿಗೆ ಕಚ್ಚಿಕೊಂಡ. ಆದರೆ ಆಡಿದ ಮಾತು ಕಿಟಕಿಯ ಪಕ್ಕದ ಕುರ್ಚಿಯನ್ನು ತಲುಪಿಯಾಗಿತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಹತಾಶೆ ಅವನನ್ನು ಇನ್ನೊಂದು ಹೆಜ್ಜೆ ಮುಂದೆ ನೂಕಿತು.

"ಆ ಪಾತ್ರ ಮಾಡೋರು ಇಲ್ಲೇ ಇದ್ದಾರೆ" ಎಂದು ಕೈ ಚಾಚಿ ತೋರಿಸಿದ. "ನನ್ನ ತಂಗಿ."

ತಲೆಗಳೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿದವು. ತಂಗಿ ಕೈಚೀಲವನ್ನು ಕುರ್ಚಿಯ ಮೇಲಿಟ್ಟು ಎದ್ದಳು. ಬಾಗಿಲು ಅವಳ ಎಡಗಡೆಗೇ ಇತ್ತು. ಅವಳು ಬಾಗಿಲಿನತ್ತ ಹೋಗದೆ ಸಾಲುಗಳ ನಡುವೆ ನಡೆದು ಬಂದಳು. ಒಪ್ಪಿದಳೆಂದೇ ನಾಟಕಕಾರ ಭಾವಿಸಿದ.

ಅವಳು ಅವನ ಪಕ್ಕಕ್ಕೆ, ಮರದ ವೇದಿಕೆಯ ಮೇಲೆ ಹತ್ತಿ ಸಭೆಗೆ ಮುಖ ಮಾಡಿದಳು. ಸ್ಕಾರ್ಫಿನ ಗಂಟು ಬಿಚ್ಚಿದಳು. ಆಪರೇಷನ್ನಿನ ಕೆಂಪು ಗೆರೆ ಎಲ್ಲರಿಗೂ ಕಂಡಿತು. ಬೆರಳನ್ನು ಅದರ ಮೇಲಿಟ್ಟು, ಆಮೇಲೆ ಆ ಕೈಯನ್ನು ಅಣ್ಣನ ಕಡೆಗೆ ಬಿಡಿಸಿ, ನಿಧಾನವಾಗಿ ಅಡ್ಡಲಾಗಿ ಆಡಿಸಿದಳು. ಬೇಡ. ಇನ್ನು ಬೇಡ. ಅವಳ ಕಣ್ಣು ತುಂಬಿತ್ತು, ಚೆಲ್ಲಲಿಲ್ಲ.

ಕೋಣೆ ಕಿತ್ತುಹೋಗುವಂತೆ ಚಪ್ಪಾಳೆ.

"ಅಬ್ಬಾ, ಮೈ ಜುಂ ಅಂತು!" ಎಂದರು ದಂತವೈದ್ಯರು. ತಕರಾರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ. "ಇದಕ್ಕೆ ನಂದೇನೂ ಆಕ್ಷೇಪಣೆ ಇಲ್ಲ ಸಾರ್!" ನಾಟಕದ ಒಂದು ತುಣುಕನ್ನು ತಮಗಾಗಿ ಆಡಿ ತೋರಿಸಿದಳೆಂದು ಅವರೆಲ್ಲ ನಂಬಿದ್ದರು.

ಆ ಸದ್ದಿನ ನಡುವೆ ತಂಗಿ ಬಾಗಿದಳು. ಅಂಗೈಯನ್ನು ಹಲಗೆಗೆ ಊರಿ, ಹಿಂದಿನ ನಾಟಕಗಳಲ್ಲಿ ಮಾಡುತ್ತಿದ್ದಂತೆಯೇ, ಒಂದು ಉಸಿರಿನಷ್ಟು ಹೊತ್ತು ಹಾಗೇ ಇದ್ದಳು. ಕೈ ಮೇಲೆದ್ದಿತು. ಗೋಡೆಯ ಬಳಿ ನಿಂತಿದ್ದ ಫ್ಯೂಸಣ್ಣನ ಬೆರಳು, ಯಾರೂ ಹೇಳದೆಯೇ, ಸ್ವಿಚ್ಚನ್ನು ಒತ್ತಿಬಿಟ್ಟಿತು. ಟ್ಯೂಬ್‌ಲೈಟುಗಳು ಆರಿ, ಕಿಟಕಿಯ ಬೂದು ಬೆಳಕಷ್ಟೇ ಉಳಿಯಿತು. ಅಭಿಮಾನಿಗಳು ಅದಕ್ಕೂ ಚಪ್ಪಾಳೆ ತಟ್ಟಿದರು. ಫ್ಯೂಸಣ್ಣ ಮುಖವನ್ನು ಗೋಡೆಗೆ ತಿರುಗಿಸಿಕೊಂಡ.

ದೀಪ ಮತ್ತೆ ಹತ್ತಿದಾಗ ವೇದಿಕೆಯ ಮೇಲೆ ಅವಳಿರಲಿಲ್ಲ; ಅವಳ ಕುರ್ಚಿ ಖಾಲಿ, ಕೈಚೀಲವೂ ಇಲ್ಲ. ನಾಟಕಕಾರ ಮೆಟ್ಟಿಲುಗಳನ್ನು ಧಡಧಡ ಇಳಿದ. ಅವಳು ಕೆಳಗಿನ ತಿರುವಿನಲ್ಲಿ ನಿಂತು ಸ್ಕಾರ್ಫ್ ಕಟ್ಟಿಕೊಳ್ಳುತ್ತಿದ್ದಳು.

"ಪುಟ್ಟಿ, ತಪ್ಪಾಯ್ತು ಕಣೇ. ಬೇರೇದು ಬರೀತೀನಿ. ನಿಂಗೆ ಬೇಕಾದ ಹಾಗೆ. ಒಂದು ಸಲ ನನ್ನ ಮಾತು ಕೇಳು."

ಅವಳು ಗಂಟು ಬಿಗಿದುಕೊಂಡಳು. "ಕೇಳಿಸ್ತಿಲ್ಲ ಅಣ್ಣ" ಎಂದಿತು ಆ ಕರಕರ ದನಿ. "ರೇಡಿಯೋ ಕೆಟ್ಟಿದೆ."

ಅವಳು ಇಳಿದು ಬೀದಿಗೆ ಹೋದಳು. ಮೇಲಿನಿಂದ ದಂತವೈದ್ಯರು ಮೆಟ್ಟಿಲಿನ ಕಂಬಿಯ ಮೇಲೆ ಬಾಗಿ ಕೂಗಿದರು: "ಸಾರ್, ಬನ್ನಿ ಸಾರ್! ಮೊದಲ ಪ್ರಯೋಗ ಯಾವಾಗ ಅಂತ ಎಲ್ಲರೂ ಕೇಳ್ತಿದ್ದಾರೆ."

ನಾಟಕಕಾರ ತಲೆ ಎತ್ತಿದ. ಹೇಳಬೇಕಾದ ಸಾಲನ್ನು ಎಂದಿನಂತೆ ಮೊದಲು ಅವಳ ದನಿಯಲ್ಲಿ ಕೇಳಿಸಿಕೊಳ್ಳಲು ನೋಡಿದ. ಏನೂ ಕೇಳಿಸಲಿಲ್ಲ. ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತತೊಡಗಿದ.