ಮೂರನೇ ಪ್ರಶ್ನೆ

ಸಂಸತ್ತಿನ ಅಧಿವೇಶನ ನಡೆಯುವ ದಿನಗಳಲ್ಲಿ ನನ್ನ ಕೆಲಸ ಬೆಳಿಗ್ಗೆ ಹತ್ತಕ್ಕೆ ಶುರುವಾಗುತ್ತದೆ. ಕೋಲಾರದ ಕೋರ್ಟಿನ ಎದುರು, ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಬಾಗಿಲು ಸರಿಯಾಗಿ ಮುಚ್ಚದ ಕಬ್ಬಿಣದ ಬೀರು. ಹಿಂದಿನ ದಿನ ಲೋಕಸಭೆಗೆ ಯಾರು ಬಂದಿದ್ದರು, ಯಾರು ಬರಲಿಲ್ಲ, ಯಾರು ಪ್ರಶ್ನೆ ಕೇಳಿದರು, ಯಾರು ಯಾವ ಚರ್ಚೆಯಲ್ಲಿ ಮಾತಾಡಿದರು ಎಂಬುದನ್ನೆಲ್ಲ ಸದನದ ವೆಬ್‌ಸೈಟಿನಿಂದ ತೆಗೆದು ಕನ್ನಡದಲ್ಲಿ ಪಟ್ಟಿ ಮಾಡುತ್ತೇನೆ. ಪಟ್ಟಿ ಕಾಲೇಜುಗಳ ನೋಟಿಸ್ ಬೋರ್ಡಿಗೂ ಒಂದೆರಡು ಸಣ್ಣ ಪತ್ರಿಕೆಗಳಿಗೂ ಹೋಗುತ್ತದೆ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿ, ಅತಿಥಿ ಉಪನ್ಯಾಸಕಿಯಾಗಿದ್ದ ಕಾಲೇಜಿನಲ್ಲಿ ಮುಂದಿನ ವರ್ಷ ಕರೆಯದೇ ಹೋದಾಗ ನಾನು ಹಿಡಿದ ಕೆಲಸ ಇದು.

ಕೋಣೆ ಚಾಚಾ ಅವರದು. ನಾವೆಲ್ಲ ಅವರನ್ನು ಹಾಗೆಯೇ ಕರೆಯುವುದು. ಮೂವತ್ತು ವರ್ಷ ಕೋರ್ಟಿನ ಮುಂದಿನ ಮರದಡಿ ಟೈಪ್‌ರೈಟರ್ ಇಟ್ಟುಕೊಂಡು ಕೂತವರು. ಮನೆಮಾತು ದಖನಿ ಉರ್ದು, ಅರ್ಜಿ ಬರೆಯುವುದು ಕನ್ನಡದಲ್ಲಿ, ಬೈಯುವುದು ತೆಲುಗಿನಲ್ಲಿ. ರೇಡಿಯೋದಲ್ಲಿ ಸಂಸತ್ತಿನ ವರದಿ ಕೇಳಿಕೇಳಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುವ ಹುಚ್ಚು ಅವರಿಗೆ ಚಿಕ್ಕ ವಯಸ್ಸಿನಲ್ಲೇ ಹತ್ತಿತ್ತಂತೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ನನಗೆ ಹೇಳಿದ್ದರು: "ನೋಡು ಬೇಟಿ, ನಮ್ಮ ಸಿಟ್ಟು ಪಟ್ಟಿಯೊಳಗೆ ಬರಬಾರದು. ಅವರು ಕೊಟ್ಟಿದ್ದು ಬರಿ, ಅಷ್ಟೇ."

ನನ್ನ ಭಾವನ ಕಥೆ ಈ ಕೋಣೆಯೊಳಗೆ ಬಂದದ್ದು ನಾನು ಸೇರಿದ ನಾಲ್ಕನೇ ವರ್ಷ.

ನಮ್ಮೂರು ಯಲ್ದೂರಿನ ಹತ್ತಿರ. ಅಕ್ಕನ ಮದುವೆಯಾದಾಗ ನಾನು ಏಳನೇ ಕ್ಲಾಸು. ನಮಗೆ ಅಪ್ಪ ಇರಲಿಲ್ಲ. ಭಾವ ಕಲ್ಲು ಒಡೆಯುವವರು. ಮೊದಲು ಶ್ರೀನಿವಾಸಪುರದ ಕಡೆ ಉಳಿ ಸುತ್ತಿಗೆಯ ಕೆಲಸ, ಆಮೇಲೆ ಮಾಲೂರಿನ ಕಡೆ ಕ್ವಾರಿಯಲ್ಲಿ ಡ್ರಿಲ್ ಮಿಷಿನ್. ನೀರು ಹಾಕದೆ ಒಣಗಲ್ಲಿಗೆ ಡ್ರಿಲ್ ಕೊಟ್ಟರೆ ಎದುರು ನಿಂತವನ ಮುಖ ಕಾಣುತ್ತಿರಲಿಲ್ಲವಂತೆ. ಶನಿವಾರ ಸಂಜೆ ಮನೆಗೆ ಬಂದಾಗ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬೆಳ್ಳಗಿರುತ್ತಿತ್ತು. ಅಕ್ಕ ಅವರನ್ನು ಅಂಗಳದಲ್ಲೇ ನಿಲ್ಲಿಸಿ ಟವೆಲ್ಲಿನಿಂದ ಕೊಡವಿ ಒಳಗೆ ಬಿಡುತ್ತಿದ್ದಳು. ಎಸ್ಸೆಸ್ಸೆಲ್ಸಿ ಆದಮೇಲೆ ಅಮ್ಮ ನನ್ನ ಓದು ನಿಲ್ಲಿಸಲು ಹೊರಟಾಗ ಅಡ್ಡ ನಿಂತವರು ಭಾವ. "ಓದ್ಲಿ ಬಿಡತ್ತೆ. ಈ ಮನೇಲಿ ಒಬ್ರಾದ್ರೂ ಕೂತ್ಕೊಂಡು ಕೆಲ್ಸ ಮಾಡ್ಲಿ" ಎಂದಿದ್ದರು.

ನಲವತ್ತು ದಾಟುವಷ್ಟರಲ್ಲಿ ಅವರಿಗೆ ಕೆಮ್ಮು ಹಿಡಿಯಿತು. ಮೂರು ಸಲ ಟಿ.ಬಿ. ಮಾತ್ರೆಯ ಕೋರ್ಸು ಮುಗಿಸಿದರು. ಮೂರು ಸಲವೂ ಕೆಮ್ಮು ಹೋಗಲಿಲ್ಲ, ಮೈ ಮಾತ್ರ ಇಳಿಯಿತು. ಕೊನೆಗೆ ಬೆಂಗಳೂರಿನ ಒಂದು ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಏನು ಕೆಲಸ ಮಾಡ್ತಿದ್ರಿ?" ಎಂದು ಕೇಳಿದರು. ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಡಾಕ್ಟರು ಅವರೇ. ಸಿಲಿಕೋಸಿಸ್ ಎಂದರು. ಕಲ್ಲಿನ ಪುಡಿ ಶ್ವಾಸಕೋಶದಲ್ಲಿ ಕೂತು ಗಟ್ಟಿಯಾಗಿದೆ, ಅದನ್ನು ತೆಗೆಯುವ ಔಷಧಿ ಇಲ್ಲ ಎಂದರು. ಭಾವ ಕೈಮುಗಿದು ಎದ್ದು ಬಂದರು. ಹೊರಗೆ ಬೆಂಚಿನ ಮೇಲೆ ಕೂತು, "ಹೆಸರಾದ್ರೂ ಗೊತ್ತಾಯ್ತಲ್ಲ" ಎಂದರು.

ಇಂಥ ರೋಗಿಗಳಿಗೆ ಪರಿಹಾರ ಇದೆ ಎಂದು ಆ ಡಾಕ್ಟರಮ್ಮನೇ ಹೇಳಿದ್ದರು. ಅರ್ಜಿ ಕೊಡಲು ಹೋದರೆ ಕಾರ್ಮಿಕ ಕಚೇರಿಯಲ್ಲಿ ಒಂದೇ ಮಾತು: ಕ್ವಾರಿಯಲ್ಲಿ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ಹಾಜರಿ ಪುಸ್ತಕದ ನಕಲು, ಇಲ್ಲವೇ ಮಾಲೀಕರ ಪತ್ರ.

ನಾನೂ ಅಕ್ಕನೂ ಮಾಲೂರಿಗೆ ಹೋದೆವು. ಕ್ವಾರಿ ಮುಚ್ಚಿ ಗುಂಡಿಯಲ್ಲಿ ಹಸಿರು ನೀರು ನಿಂತಿತ್ತು. ಅಲ್ಲಿ ಮೇಸ್ತ್ರಿಯಾಗಿದ್ದವನು ಈಗ ರಸ್ತೆ ಬದಿ ಟೀ ಅಂಗಡಿ ಇಟ್ಟಿದ್ದ. ಅಕ್ಕನ ಗುರುತು ಹಿಡಿದು ಸ್ಟೂಲು ಹಾಕಿದ.

"ಹಾಜರಿ ಪುಸ್ತಕಾನಾ?" ಎಂದ. "ಸಿಗರೇಟ್ ಪ್ಯಾಕಿನ ಹಿಂದೆ ಗೀಟು ಹಾಕ್ಕೊಂತಿದ್ದೆ ಕಣಮ್ಮ. ಶನಿವಾರ ಬಟವಾಡೆ ಆಗ್ತಿದ್ದಂಗೆ ಬಿಸಾಕ್ಬಿಡ್ತಿದ್ದೆ."

"ಹಂಗಾದ್ರೆ ನೀನೇ ಒಂದು ಕಾಗದ ಬರ್ಕೊಡಣ್ಣ. ಹನ್ನೊಂದು ವರ್ಷ ನಿನ್ನ ಕೈಕೆಳಗೇ ಇದ್ರಲ್ಲ" ಎಂದಳು ಅಕ್ಕ.

"ಇದ್ದಿದ್ದು ನಿಜ. ಯಾರು ಕೇಳಿದ್ರೂ ಬಾಯಲ್ಲಿ ಹೇಳ್ತೀನಿ. ಬರ್ದು ಕೊಡೋಕಾಗಲ್ಲ. ನನ್ನ ಮಗ ಆ ಓನರ್ ಹತ್ರಾನೇ ಲಾರಿ ಓಡಿಸ್ತಾವ್ನೆ." ಹೇಳುತ್ತ ಹೇಳುತ್ತ ಅವನಿಗೂ ಕೆಮ್ಮು ಬಂತು. ಮುಖ ಆ ಕಡೆ ತಿರುಗಿಸಿ ಬಹಳ ಹೊತ್ತು ಕೆಮ್ಮಿದ. ಅಕ್ಕ ನನ್ನ ಮೊಣಕೈ ಹಿಡಿದು, "ಪೋನಿ, ಹೋಗ್ಲಿ ಬಿಡು, ಬಾ ಹೋಗಣ" ಎಂದಳು.

ಆಸ್ಪತ್ರೆಗೆ ಹತ್ತಿರವಾಗಲಿ ಎಂದು ಅವರಿಬ್ಬರೂ ಕೋಲಾರದ ನನ್ನ ಬಾಡಿಗೆ ಮನೆಗೆ ಬಂದರು. ಅಕ್ಕ ಔಷಧಿಗೆ ಕ್ಯೂ ನಿಲ್ಲಲು ಹೋದಾಗ ಭಾವ ನಮ್ಮ ಆಫೀಸಿನಲ್ಲಿ ಕೂರುತ್ತಿದ್ದರು. ಮಹಡಿಯ ಹದಿನಾರು ಮೆಟ್ಟಿಲು ಹತ್ತಲು ಅವರಿಗೆ ಕಾಲು ಗಂಟೆ ಬೇಕಾಗುತ್ತಿತ್ತು. ಮೇಲೆ ಬಂದು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತು, ಉಸಿರು ಹದಕ್ಕೆ ಬಂದಮೇಲೆ ಕೇಳುವರು: "ಏನಮ್ಮಾ, ನೆನ್ನೆ ಎಷ್ಟು ಜನ ಬಂದವ್ರೆ?"

ನಾನು ಹೇಳುವೆ.

"ಅಷ್ಟೂ ಜನದ ಹಾಜರಿ ದಿನಾ ಬರೀತಾರಾ?"

"ದಿನಾ ಭಾವ. ಎಷ್ಟೋ ವರ್ಷದ್ದು ಹಂಗೇ ಇಟ್ಟವ್ರೆ."

ಅವರು ತಲೆಯಾಡಿಸಿ ಕಿಟಕಿಯ ಕಡೆ ತಿರುಗುವರು.

ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಕೇಳಿಸೋಣ ಎಂದವರು ಚಾಚಾ. ಮಾಲೀಕರು ದಾಖಲೆಯನ್ನೇ ಇಡದಿದ್ದರೆ ಕಲ್ಲು ಕೆಲಸಗಾರರಿಗೆ ಪರಿಹಾರ ಕೊಡುವುದು ಹೇಗೆ ಎಂದು ಮಂತ್ರಿಗಳು ಸದನದಲ್ಲಿ ಉತ್ತರಿಸಿದರೆ, ಆ ಉತ್ತರದ ಪ್ರತಿಯನ್ನೇ ಅರ್ಜಿಗೆ ಲಗತ್ತಿಸಬಹುದು ಎಂಬುದು ಅವರ ಲೆಕ್ಕ. ಹಳೆಯ ಪಟ್ಟಿಗಳನ್ನೆಲ್ಲ ಹರಡಿಕೊಂಡು ಕಾರ್ಮಿಕರ ಬಗ್ಗೆ, ಧೂಳಿನ ರೋಗಗಳ ಬಗ್ಗೆ ಹಿಂದೆ ಪ್ರಶ್ನೆ ಕೇಳಿದವರನ್ನು, ತಪ್ಪದೆ ಸದನಕ್ಕೆ ಬರುವವರನ್ನು ಹುಡುಕಿದೆವು. ಒಂಬತ್ತು ಸದಸ್ಯರಿಗೆ ಪತ್ರ ಬರೆದೆವು. ಒಬ್ಬರಿಂದ ಉತ್ತರ ಬಂತು. ದೂರದ ಬೇರೆ ರಾಜ್ಯದವರು. ನಮ್ಮ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಗೈರು ಎಂಬುದು ಅಪರೂಪ. ಅವರ ಸಹಾಯಕ ಫೋನ್ ಮಾಡಿ ಚಾಚಾ ಜೊತೆ ಉರ್ದುವಿನಲ್ಲಿ ಅರ್ಧ ಗಂಟೆ ಮಾತಾಡಿದ.

ಮೂರು ವಾರದ ಮೇಲೆ, ಚಳಿಗಾಲದ ಅಧಿವೇಶನದಲ್ಲಿ, ಯಾರ ಪ್ರಶ್ನೆ ಮೊದಲು ಎಂದು ಸದನದವರು ಎತ್ತುವ ಚೀಟಿಯಲ್ಲಿ ನಮ್ಮ ಪ್ರಶ್ನೆ ಬಂತು. ಚುಕ್ಕೆ ಗುರುತಿನ ಪ್ರಶ್ನೆ, ಎಂದರೆ ಮಂತ್ರಿಗಳು ಎದ್ದು ನಿಂತು ಬಾಯಲ್ಲೇ ಉತ್ತರ ಹೇಳಬೇಕಾದದ್ದು. ಪಟ್ಟಿಯಲ್ಲಿ ಇಪ್ಪತ್ತು ಇದ್ದರೂ ಒಂದು ಗಂಟೆಯಲ್ಲಿ ಮುಗಿಯುವುದು ನಾಲ್ಕೋ ಐದೋ. ನಮ್ಮದು ಮೂರನೆಯದು. ಚಾಚಾ ಕೆಳಗಿಳಿದು ಹೋಗಿ ಎಲ್ಲರಿಗೂ ಬಿಸಿ ಸಮೋಸ ತಂದರು. ಭಾವ ಒಂದು ಚೂರು ಮುರಿದು ಬಾಯಿಗಿಟ್ಟು, "ನನ್ ಹೆಸ್ರು ಹೇಳ್ತಾರಾ ಸಾಬ್ರೇ?" ಎಂದು ಕೇಳಿದರು.

"ಹೆಸರು ಹೇಳಲ್ಲಪ್ಪ. ನಿನ್ನಂಥವರೆಲ್ಲರ ಬಗ್ಗೆ ಹೇಳ್ತಾರೆ."

ಆ ದಿನ ಬೆಳಿಗ್ಗೆ ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಅಂಗಿ ಅವರಿಗೆ ಎರಡು ಅಳತೆ ದೊಡ್ಡದಾಗಿತ್ತು. ಅಕ್ಕ ಪಕ್ಕದಲ್ಲಿ ಕೂತಳು. ಕಂಪ್ಯೂಟರಿನಲ್ಲಿ ಸದನದ ನೇರ ಪ್ರಸಾರ ಹಾಕಿದೆ. ಹನ್ನೊಂದಕ್ಕೆ ಸಭಾಧ್ಯಕ್ಷರು ಬಂದರು, ಎಲ್ಲರೂ ಎದ್ದು ನಿಂತು ಮತ್ತೆ ಕೂತರು. ಮೊದಲನೇ ಪ್ರಶ್ನೆಯ ಸದಸ್ಯರ ಹೆಸರು ಕರೆದರು. ಅವರು ಎದ್ದು ನಿಲ್ಲುವಷ್ಟರಲ್ಲಿ ಫಲಕ ಹಿಡಿದ ಹತ್ತಾರು ಜನ ಪೀಠದ ಮುಂದಕ್ಕೆ ನುಗ್ಗಿದರು. ಎದುರು ಸಾಲಿನವರೂ ಎದ್ದು ಕೂಗಿದರು. ಆವತ್ತಿನ ಪೇಪರಿನಲ್ಲಿ ಬಂದಿದ್ದ ಯಾವುದೋ ವಿಷಯ. ಏನೆಂದು ಈಗ ನನಗೆ ನೆನಪಿಲ್ಲ. ಕ್ಯಾಮೆರಾ ಒಮ್ಮೆ ಹಿಂದಿನ ಸಾಲಿಗೆ ಹೊರಳಿದಾಗ ನಮ್ಮ ಸದಸ್ಯರು ಕಂಡರು. ಕೈಯಲ್ಲಿ ಒಂದು ಹಾಳೆ ಹಿಡಿದು ಸುಮ್ಮನೆ ಕೂತಿದ್ದರು. "ಅವರೇ, ಅವರೇ" ಎಂದೆ. ಭಾವ ಮುಂದಕ್ಕೆ ಬಗ್ಗಿದರು. ಅಷ್ಟರಲ್ಲಿ ಸದನವನ್ನು ಹನ್ನೆರಡು ಗಂಟೆಗೆ ಮುಂದೂಡಿದರು. ಅಷ್ಟು ಹೊತ್ತಿಗೆ ಸಭೆ ನಡೆದದ್ದು ಆರು ನಿಮಿಷ.

ಹನ್ನೆರಡರವರೆಗೆ ಖಾಲಿ ಪರದೆ ನೋಡುತ್ತ ಕೂತೆವು. ಮತ್ತೆ ಸೇರಿದಾಗ ಪ್ರಶ್ನೋತ್ತರದ ವೇಳೆ ಕಳೆದೇಹೋಗಿತ್ತು. ಕಾಗದ ಪತ್ರ ಮಂಡಿಸಿದರು, ಗಲಾಟೆ ಏರಿತು, ನಾಳೆಗೆ ಮುಂದೂಡಿದರು.

"ಮೂರನೇದು ಯಾವಾಗ?" ಎಂದರು ಭಾವ.

ಚಾಚಾ ಕನ್ನಡಕ ತೆಗೆದು ಒರೆಸಿಕೊಂಡರು. "ಮುಗೀತಪ್ಪ. ಬರವಣಿಗೇಲಿ ಉತ್ತರ ಬರುತ್ತೆ."

ಉತ್ತರ ಸಂಜೆಯೊಳಗೆ ಬಂತು. ಅ, ಆ, ಇ, ಈ ಎಂಬ ನಾಲ್ಕು ಭಾಗದ ಪ್ರಶ್ನೆಗೆ ಸೇರಿಸಿ ಒಂದೇ ಸಾಲು: ಮಾಹಿತಿಯನ್ನು ರಾಜ್ಯಗಳಿಂದ ಸಂಗ್ರಹಿಸಲಾಗುತ್ತಿದ್ದು ಸದನದ ಮುಂದೆ ಮಂಡಿಸಲಾಗುವುದು. ಮನೆಗೆ ಹೋಗಿ ಭಾವನ ಮಂಚದ ಪಕ್ಕ ಕೂತು ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವರು ದಿಂಬಿಗೆ ಒರಗಿ ಎರಡು ಸಲ ಓದಿಸಿಕೊಂಡರು.

"ಅಂದ್ರೆ ಲೆಕ್ಕ ಹಾಕ್ತಾವ್ರೆ."

"ಹೂಂ ಭಾವ."

"ಅದ್ರಲ್ಲಿ ನಂದೂ ಸೇರ್ಸವ್ರಾ?"

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ನಾನು, "ಸೇರ್ಸವ್ರೆ" ಎಂದೆ. ಭಾವ ಕಣ್ಣು ಮುಚ್ಚಿಕೊಂಡರು. ಎಷ್ಟೋ ದಿನದ ಮೇಲೆ ಅವರ ಹಣೆಯ ಗಂಟು ಸಡಿಲಾದದ್ದು ಕಂಡೆ. ಕಂಡು, ಆಡಿದ ಸುಳ್ಳು ಒಳ್ಳೆಯದೇ ಆಯಿತು ಅಂದುಕೊಂಡೆ.

ಮರುದಿನ ಆಫೀಸಿನಲ್ಲಿ ಆ ಆರು ನಿಮಿಷದ ದಿನದ ಪಟ್ಟಿ ಮಾಡಬೇಕಿತ್ತು. ಆ ಅಧಿವೇಶನದಲ್ಲೇ ಅತಿ ಹೆಚ್ಚು ಹಾಜರಿ ಇದ್ದ ದಿನ ಅದು. ನಮ್ಮ ಸದಸ್ಯರು ಹಾಜರ್. ಕೂಗಾಡಿದವರು ಹಾಜರ್. ಪ್ರಶ್ನೆ ಎಂಬ ಅಂಕಣದಲ್ಲಿ ನಮ್ಮ ಸದಸ್ಯರ ಮುಂದೆ ಒಂದು. ಸದನ ಎಷ್ಟು ಹೊತ್ತು ನಡೆಯಿತು ಎಂಬ ಅಂಕಣ ನಮ್ಮಲ್ಲಿ ಇರಲಿಲ್ಲ. ನಾನು ಅದನ್ನು ಸೇರಿಸುತ್ತೇನೆ ಎಂದೆ. ಚಾಚಾ ಬೇಡವೆಂದರು. ಪಟ್ಟಿಯ ನಮೂನೆ ಒಂದೊಂದು ದಿನಕ್ಕೆ ಒಂದೊಂದು ಥರ ಆದರೆ ಯಾರೂ ನಂಬುವುದಿಲ್ಲ ಎಂದರು. ಅವರ ಮೇಲೆ ನಾನು ದನಿ ಏರಿಸಿದ್ದು ಅದೊಂದೇ ಸಲ. ಅವರು ಪ್ರಿಂಟರಿಗೆ ಹಾಳೆ ತುಂಬಿದರು. ಕೊನೆಗೆ ಹಳೆಯ ನಮೂನೆಯಲ್ಲೇ ಪ್ರಿಂಟ್ ತೆಗೆದೆ. ಆ ವಾರ ಒಂದು ಪತ್ರಿಕೆ ನಮ್ಮ ಪಟ್ಟಿಯನ್ನು ಹಾಕಿ, ಸದನದಲ್ಲಿ ಹಾಜರಿ ಏರಿಕೆ ಎಂದು ಮೇಲೆ ದಪ್ಪಕ್ಷರದಲ್ಲಿ ಬರೆಯಿತು.

ಭಾವ ಫೆಬ್ರವರಿಯಲ್ಲಿ ತೀರಿಕೊಂಡರು. ಬೆಳಿಗ್ಗೆ ಎಂಟಕ್ಕೆ ಅಕ್ಕ ರಾಗಿ ಗಂಜಿ ತಂದಾಗ ಅವರು ಮಂಚದಿಂದ ಕಾಲು ಇಳಿಬಿಟ್ಟು ಕೂತೇ ಇದ್ದರು. ಮಲಗಿದರೆ ಉಸಿರು ಸಾಲದೆ ಕೊನೆಯ ಒಂದು ತಿಂಗಳು ಅವರು ಕೂತೇ ನಿದ್ದೆ ಮಾಡಿದ್ದರು. ಊರಿಗೆ ಒಯ್ದು ಮಣ್ಣು ಮಾಡಿದೆವು. ಚಾಚಾ ಯಲ್ದೂರಿನವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ನಡೆದುಕೊಂಡೇ ಬಂದಿದ್ದರು.

ತಿಥಿ ಕಳೆದು ಹದಿನೈದು ದಿನಕ್ಕೆ ಅಕ್ಕ ನನಗೆ ಹೇಳದೆ ಒಬ್ಬಳೇ ಕೋಲಾರಕ್ಕೆ ಬಂದು ಕಾರ್ಮಿಕ ಕಚೇರಿಗೆ ಹೋಗಿದ್ದಾಳೆ. ಅಲ್ಲಿನವರು ಮತ್ತೆ ದಾಖಲೆ ಕೇಳಿದ್ದಾರೆ. "ನಮ್ ಯಜಮಾನ್ರ ಹೆಸ್ರು ಡೆಲ್ಲಿ ಲೆಕ್ಕದಲ್ಲಿ ಐತೆ ಸ್ವಾಮಿ, ಕಂಪ್ಯೂಟರ್ನಲ್ಲಿ ನೋಡಿ" ಎಂದಿದ್ದಾಳೆ. ಯಾವ ಲೆಕ್ಕ ಎಂದು ಅವರು ಕೇಳಿದ್ದಾರೆ. ಪಾರ್ಲಿಮೆಂಟಿನದು, ನನ್ನ ತಂಗಿ ಅದೇ ಕೆಲಸದಲ್ಲಿದ್ದಾಳೆ, ಅವಳೇ ಹೇಳಿದ್ದು ಎಂದಿದ್ದಾಳೆ. ಕ್ಯೂನಲ್ಲಿದ್ದವರು ನಕ್ಕರಂತೆ. ಅಲ್ಲಿಂದ ನೇರ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದಳು. ನನ್ನ ಕಡೆ ನೋಡಲಿಲ್ಲ.

"ಸಾಬ್ರೇ, ನೀವು ಹೇಳಿ. ಅವ್ರ ಹೆಸ್ರು ಅದ್ರಲ್ಲಿ ಐತೋ ಇಲ್ವೋ?"

ಚಾಚಾಗೆ ನಾನು ಆಡಿದ ಸುಳ್ಳು ಗೊತ್ತಿರಲಿಲ್ಲ. "ಇಲ್ಲಮ್ಮ. ಯಾರ ಹೆಸರೂ ಇಲ್ಲ. ಲೆಕ್ಕಾನೇ ಇನ್ನೂ ಬಂದಿಲ್ಲ" ಎಂದರು.

ಅಕ್ಕ ನನ್ನ ಕಡೆ ತಿರುಗಿದಳು. "ಅವ್ರಿಗೆ ಹೇಳಿದ್ದು ಸರಿ ಕಣೇ, ಸಾಯೋರು. ನನಗ್ಯಾಕೆ ಹೇಳ್ಲಿಲ್ಲ? ನಾನು ಬದುಕ್ಬೇಕಲ್ಲ."

ಮರೆತಿದ್ದೆ ಅಂದರೆ ಮತ್ತೊಂದು ಸುಳ್ಳಾಗುತ್ತಿತ್ತು. ಅವಳ ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ, ಅಷ್ಟೇ.

ಎರಡು ವರ್ಷ ಅವಳು ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹಣ್ಣು ಆರಿಸಿ ಪೆಟ್ಟಿಗೆ ತುಂಬುವ ಕೆಲಸಕ್ಕೆ ಸೇರಿದಳು. ಅರ್ಜಿ ದಾಖಲೆ ಇಲ್ಲವೆಂದು ವಾಪಸ್ಸು ಬಂತು. ಪ್ರತಿ ಅಧಿವೇಶನದಲ್ಲೂ ಆ ಉತ್ತರದ ಭರವಸೆ ಏನಾಯಿತೆಂದು ನೋಡುತ್ತೇನೆ. ವೆಬ್‌ಸೈಟಿನಲ್ಲಿ ಅದರ ಮುಂದೆ ಬಾಕಿ ಎಂದೇ ಇರುತ್ತದೆ.

ಹೋದ ಬೇಸಿಗೆಯಲ್ಲಿ ಅಕ್ಕ ಫೋನ್ ಕೂಡ ಮಾಡದೆ ಆಫೀಸಿಗೆ ಬಂದಳು. ಜೊತೆಗೆ ಗೌನಿಪಲ್ಲಿಯ ಒಬ್ಬ ಹೆಂಗಸು. ಮಂಡಿಯಲ್ಲಿ ಪರಿಚಯವಂತೆ. ಗಂಡ ಜಲ್ಲಿ ಕ್ರಷರ್‌ನಲ್ಲಿದ್ದವನು, ಎರಡನೇ ಸಲ ಟಿ.ಬಿ. ಮಾತ್ರೆ ನುಂಗುತ್ತಿದ್ದಾನೆ. ಎಕ್ಸ್‌ರೇಗಳನ್ನು ಬಟ್ಟೆ ಅಂಗಡಿಯ ಕವರಿನಲ್ಲಿ ತಂದಿದ್ದಳು.

"ಇವಳಿಗೆ ಏನೇನಾಗುತ್ತೆ ಅಂತ ಎಲ್ಲಾ ಹೇಳು" ಎಂದಳು ಅಕ್ಕ. "ಒಂದೂ ಬಿಡ್ಬೇಡ."

ಹೇಳಿದೆ. ಮೊದಲು ಯಾವ ಆಸ್ಪತ್ರೆಗೆ ಹೋಗಬೇಕು, ರೋಗ ಯಾವುದಿರಬಹುದು, ಅದಕ್ಕೆ ಔಷಧಿ ಇಲ್ಲದ್ದು, ಕಚೇರಿಯಲ್ಲಿ ಏನು ಕೇಳುತ್ತಾರೆ, ಕ್ರಷರಿನವರು ಏನು ಹೇಳುತ್ತಾರೆ, ದೆಹಲಿಗೆ ಬರೆದರೆ ಏನು ಬರುತ್ತದೆ. ಆಕೆಗೆ ಕನ್ನಡ ಸಾಲದ ಕಡೆ ಅಕ್ಕ ತೆಲುಗಿನಲ್ಲಿ ಬಿಡಿಸಿ ಹೇಳಿದಳು. ಚಾಚಾ ಟೈಪ್ ಮಾಡುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಹೆಂಗಸು ಅಳಲಿಲ್ಲ. ಎಕ್ಸ್‌ರೇಗಳನ್ನು ಒಂದೊಂದಾಗಿ ಕವರಿಗೆ ಸೇರಿಸಿ, ಗೌನಿಪಲ್ಲಿಗೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.